ಗ್ಯಾಸ್ ಅಷ್ಟೇ, ಸಿಸ್ಟರ್

ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಅದು. ಶಿವಮೊಗ್ಗದ ಒಂದು ಆಸ್ಪತ್ರೆ, ಹೃದಯದ ಐಸಿಯು, ಬೇಸಿಗೆಯ ಒಂದು ನೈಟ್ ಡ್ಯೂಟಿ. ರಾತ್ರಿ ಹತ್ತೂವರೆ ಹೊತ್ತಿಗೆ ತೀರ್ಥಹಳ್ಳಿ ಕಡೆಯ ಒಬ್ಬ ಯಜಮಾನರನ್ನು ಕೆಳಗಿನ ಕ್ಯಾಶುವಾಲ್ಟಿಯಿಂದ ಮೇಲೆ ಕಳಿಸಿದರು. ಅಡಿಕೆ ತೋಟದವರು, ಅರವತ್ತರ ಆಸುಪಾಸು. ಬಿಳಿ ಪಂಚೆ. ಅಂಗಿ ಜೇಬಿನಲ್ಲಿ ಇನ್ನೂ ಎಲೆ ಅಡಿಕೆಯ ಪೊಟ್ಟಣ ಇತ್ತು. ಹೆಪ್ಪು ಕರಗಿಸುವ ಇಂಜೆಕ್ಷನ್ ಕೆಳಗೇ ಕೊಟ್ಟಾಗಿತ್ತು. ಇಸಿಜಿ ನೋಡಿದರೆ ಹಾರ್ಟ್ ಅಟ್ಯಾಕ್ ಅನ್ನುವುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ.

ಅವರೊಬ್ಬರನ್ನು ಬಿಟ್ಟು. ಮಂಚದ ಮೇಲೆ ಎದ್ದು ಕೂತು, ಹತ್ತಿರ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು. "ಗ್ಯಾಸ್ ಅಷ್ಟೇ, ಸಿಸ್ಟರ್. ಮಧ್ಯಾಹ್ನ ಹಲಸಿನಕಾಯಿ ಹುಳಿ ಜಾಸ್ತಿ ಆಯ್ತು. ಒಂದು ಸೋಡಾ ಕುಡಿದರೆ ಹೋಗುತ್ತೆ."

ನನಗೆ ಆಗ ಇಪ್ಪತ್ತೆರಡು. ಕಲಿತದ್ದೆಲ್ಲ ತಲೆಯಲ್ಲಿ ತಾಜಾ ಇತ್ತು. ರೋಗಿಗೆ ನಿಜ ಹೇಳಬೇಕು, ತಿಳಿವಳಿಕೆ ಕೊಡಬೇಕು ಅಂತ ಬರೆದು ಮಾರ್ಕು ತೆಗೆದುಕೊಂಡವಳು. ಹತ್ತಿರ ಹೋಗಿ ಹೇಳಿಯೇಬಿಟ್ಟೆ. "ಯಜಮಾನ್ರೇ, ಇದು ಗ್ಯಾಸ್ ಅಲ್ಲ. ನಿಮಗೆ ಹಾರ್ಟ್ ಅಟ್ಯಾಕ್ ಆಗಿದೆ. ಹೀಗೆಲ್ಲ ಎದ್ದು ಕೂರಬಾರದು."

ಅವರ ಮುಖ ನಾನು ಇವತ್ತಿಗೂ ಮರೆತಿಲ್ಲ. ಒಂದು ಕ್ಷಣ ಏನೂ ಇರಲಿಲ್ಲ. ಆಮೇಲೆ ಕೈ ಎದೆಯ ಮೇಲೆ ಹೋಯಿತು. ಅಂಟಿಸಿದ್ದ ವೈರುಗಳನ್ನು ಒಂದೊಂದಾಗಿ ಕಿತ್ತು ಹಾಕಿದರು. ಮಾನಿಟರ್ ಕೂಗಿಕೊಂಡಿತು. "ಮಗನ್ನ ಕರೀರಿ, ಕಾರು ತೆಗೀಲಿ, ನಾನು ಇಲ್ಲಿರಲ್ಲ" ಅಂತ ಕಾಲು ಕೆಳಗಿಟ್ಟರು. ಕೈಯಲ್ಲಿ ಹಿಡಿದು ನೋಡಿದರೆ ಪಲ್ಸ್ 130. ಹತ್ತು ನಿಮಿಷದ ಕೆಳಗೆ ನಾನೇ 92 ಅಂತ ಬರೆದಿದ್ದೆ.

ನಮ್ಮ ಇನ್‌ಚಾರ್ಜ್ ಸಿಸ್ಟರ್ ಓಡಿ ಬರಲಿಲ್ಲ. ನಡೆದುಕೊಂಡೇ ಬಂದರು. ಮೊದಲು ಅಲಾರಂ ನಿಲ್ಲಿಸಿದರು. ಮೂಲೆಯಲ್ಲಿದ್ದ ಸ್ಟೂಲು ಎಳೆದುಕೊಂಡು ಅವರ ಮೊಣಕಾಲಿಗೆ ತಾಗುವಷ್ಟು ಹತ್ತಿರ ಕೂತರು. ಆಮೇಲೆ ಕೇಳಿದ್ದು ಇಷ್ಟೇ: "ಈ ವರ್ಷ ತೋಟಕ್ಕೆ ನೀರು ಸಾಕಾಗ್ತಿದೆಯಾ?"

ಅವರು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಹಳ್ಳ ಬತ್ತಿದ್ದು, ಮೋಟರಿನ ಕಾಯಿಲ್ ಸುಟ್ಟಿದ್ದು, ಹೊಸದಾಗಿ ಹಾಕಿದ ಸಸಿ ಬಾಡುತ್ತಿರುವುದು ಎಲ್ಲ ಹೇಳತೊಡಗಿದರು. ಹೇಳುತ್ತಾ ಹೇಳುತ್ತಾ ದಿಂಬಿಗೆ ಒರಗಿದರು. ಸಿಸ್ಟರ್ ಕೇಳಿಸಿಕೊಳ್ಳುತ್ತಲೇ ವೈರುಗಳನ್ನು ಮತ್ತೆ ಅಂಟಿಸಿದರು. ಕೊನೆಯಲ್ಲಿ ಹೇಳಿದರು. "ಎದೆ ಹಿಡಿದದ್ದು ನಿಜ ಅಲ್ವಾ ಯಜಮಾನ್ರೇ? ಅದಕ್ಕೆ ಇವತ್ತೊಂದು ರಾತ್ರಿ ಈ ವೈರು ಇರಲಿ. ಬೆಳಿಗ್ಗೆ ಡಾಕ್ಟ್ರು ಬಂದಾಗ ಇಬ್ಬರೂ ಸೇರಿ ಕೇಳೋಣ. ನಾನು ಇಲ್ಲೇ ಇರ್ತೀನಿ."

ಗ್ಯಾಸ್ ಹೌದು ಅನ್ನಲಿಲ್ಲ. ಅಲ್ಲ ಅಂತಲೂ ಅನ್ನಲಿಲ್ಲ. ಸುಳ್ಳನ್ನಂತೂ ಹೇಳಲೇ ಇಲ್ಲ.

ಆಮೇಲೆ ಟೇಬಲ್ ಹತ್ತಿರ ಕೇಸ್ ಶೀಟ್ ಬರೆಯುತ್ತಾ ನನಗೆ ಹೇಳಿದರು. "ಅವರು ಹಿಡಿದುಕೊಂಡಿರೋ ಕೊಂಬೆ ಅದು ಕಣೇ. ಕೊಂಬೆ ಕಡಿಯೋದಾದರೆ ಮೊದಲು ಏಣಿ ಇಡಬೇಕು."

ಈ ಬರಹ ಆ ಏಣಿಯ ಬಗ್ಗೆ.

ನರ್ಸಿಂಗ್ ಕಾಲೇಜಿನಲ್ಲಿ ಡಿಫೆನ್ಸ್ ಮೆಕ್ಯಾನಿಸಂ, ಅಂದರೆ ಮನಸ್ಸು ತನ್ನನ್ನು ಕಾಪಾಡಿಕೊಳ್ಳುವ ತಂತ್ರ, ಪರೀಕ್ಷೆಗೆ ಬಂದೇ ಬರುವ ಪ್ರಶ್ನೆ. ಡಿನಯಲ್ (ಆದದ್ದನ್ನು ಇಲ್ಲ ಅನ್ನುವುದು, ನಿರಾಕರಣೆ), ಪ್ರೊಜೆಕ್ಷನ್ (ತನ್ನೊಳಗಿನದನ್ನು ಇನ್ನೊಬ್ಬರ ಮೇಲೆ ಹೊರಿಸುವುದು), ರಿಗ್ರೆಷನ್ (ಮಗುವಿನ ಹಾಗೆ ಆಗುವುದು), ರ‍್ಯಾಷನಲೈಸೇಷನ್ (ಸಬೂಬು ಕಟ್ಟುವುದು) ಅಂತ ಬಾಯಿಪಾಠ ಮಾಡುತ್ತಿದ್ದೆವು. ಪ್ರತಿಯೊಂದಕ್ಕೂ ಒಂದು ಉದಾಹರಣೆ ಬರೆದರೆ ಪೂರ್ತಿ ಮಾರ್ಕು. ಮನಸ್ಸು ತಾಳಲಾರದ ಸಂಗತಿಯಿಂದ ತನ್ನನ್ನು ಕಾಪಾಡಿಕೊಳ್ಳುತ್ತದೆ ಎಂಬ ವಿಚಾರವನ್ನು ಸಿಗ್ಮಂಡ್ ಫ್ರಾಯ್ಡ್ 1894ರಲ್ಲಿ ಬರೆದ. ಆದರೆ ಅವುಗಳನ್ನು ಒಂದು ಕಡೆ ಸೇರಿಸಿ, ವಿಂಗಡಿಸಿ, ಪುಸ್ತಕ ಮಾಡಿದ್ದು ಅವನ ಕೊನೆಯ ಮಗಳು ಆನಾ ಫ್ರಾಯ್ಡ್, 1936ರಲ್ಲಿ. ಮಕ್ಕಳ ಜೊತೆ ಕೆಲಸ ಮಾಡುತ್ತಿದ್ದವಳು ಆಕೆ. ಅದಕ್ಕೇ ಇರಬೇಕು, ಈ ತಂತ್ರಗಳನ್ನು ಆಕೆ ತಪ್ಪು ಅಂತ ನೋಡಲಿಲ್ಲ. ಹೆದರಿದ ಮಗು ಕಂಬಳಿಯೊಳಗೆ ಮುಖ ಮುಚ್ಚಿಕೊಂಡರೆ ಅದನ್ನು ಸುಳ್ಳು ಅಂತ ಯಾರು ಅನ್ನುತ್ತಾರೆ?

ಇಲ್ಲಿ ಮುಖ್ಯವಾದ ಮಾತು ಒಂದಿದೆ. ಇವು ಬೇಕಂತ ಮಾಡುವ ಕೆಲಸಗಳಲ್ಲ. ಆ ಯಜಮಾನರು ನಮಗೆ ಸುಳ್ಳು ಹೇಳುತ್ತಿರಲಿಲ್ಲ. ಅವರಿಗೆ ಅದು ನಿಜವಾಗಿಯೂ ಗ್ಯಾಸೇ ಆಗಿತ್ತು. ಮನಸ್ಸು ಅವರನ್ನು ಕೇಳದೆಯೇ ಒಂದು ಬಾಗಿಲು ಹಾಕಿತ್ತು. ಈ ವ್ಯತ್ಯಾಸ ಗೊತ್ತಿಲ್ಲದೇ ಇದ್ದಾಗಲೇ ನಾವು ರೋಗಿಯನ್ನು ಹಠಮಾರಿ, ನಾಟಕದವಳು, ಹೇಳಿದ ಮಾತು ಕೇಳದವನು ಅಂತೆಲ್ಲ ಕರೆಯುವುದು.

ನಮ್ಮ ಮನೆಗಳಲ್ಲಿ ಇದು ಗೊತ್ತಿಲ್ಲದ ವಿಷಯವೇನಲ್ಲ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತ ನಮ್ಮ ಅಜ್ಜಿ ದಿನಕ್ಕೆ ಒಂದು ಸಲವಾದರೂ ಹೇಳುತ್ತಿದ್ದರು. ಪುಸ್ತಕದಲ್ಲಿ ಅದಕ್ಕೆ ಡಿಸ್‌ಪ್ಲೇಸ್‌ಮೆಂಟ್ ಅಂತ ಹೆಸರು. ವಾರ್ಡಿನಲ್ಲಿ ಆ ಕೊತ್ತಿ ಯಾರು ಅಂದರೆ, ಬಹಳ ಸಲ ನಾವೇ.

ಒಂದು ಸಲ ಒಬ್ಬರು ಬೆಡ್‌ಶೀಟಿನ ವಿಷಯಕ್ಕೆ ಕೂಗಾಡಿದರು. ಅವರ ತಾಯಿ ವೆಂಟಿಲೇಟರ್ ಮೇಲೆ ಇದ್ದು ನಾಲ್ಕನೇ ದಿನ. ಹಾಸಿಗೆಯ ಅಂಚಿನಲ್ಲಿ ರೂಪಾಯಿ ಅಗಲದ ಒಂದು ಔಷಧಿ ಕಲೆ ಇತ್ತು. "ಇದು ಯಾವಾಗ ಹಾಕಿದ್ದು? ಇದೇ ಏನು ನಿಮ್ಮ ಕೆಲಸ?" ಅಂತ ಇಡೀ ಐಸಿಯು ಕೇಳುವ ಹಾಗೆ ಕೇಳಿದರು. ನನಗೆ ಮೈಯೆಲ್ಲ ಉರಿಯಿತು. ಬೆಳಿಗ್ಗೆ ಹಾಕಿದ ಶೀಟು ಅದು. ಆದರೆ ಅಷ್ಟು ಹೊತ್ತಿಗೆ ನನಗೆ ಸ್ವಲ್ಪ ವರ್ಷ ಆಗಿತ್ತು. ವಾದ ಮಾಡಲಿಲ್ಲ. ಹೊಸ ಶೀಟು ತಂದು ಒಂದು ತುದಿ ಅವರ ಕೈಗೆ ಕೊಟ್ಟೆ. "ಆ ಕಡೆ ಹಿಡ್ಕೊಳ್ಳಿ ಸರ್, ಇಬ್ಬರೂ ಬದಲಾಯಿಸೋಣ." ತಾಯಿಯನ್ನು ಮೆಲ್ಲಗೆ ಒಂದು ಮಗ್ಗುಲಿಗೆ ಹೊರಳಿಸಿದಾಗ ಅವರು ಆಕೆಯ ಬೆನ್ನನ್ನು ಕೈಯಿಂದ ಆನಿಸಿ ಹಿಡಿದರು. ನಾಲ್ಕು ದಿನದಲ್ಲಿ ಅವರು ತಾಯಿಯನ್ನು ಮುಟ್ಟಿದ್ದು ಅದೇ ಮೊದಲು. ಮುಟ್ಟಬಹುದು ಅಂತ ನಾವು ಯಾರೂ ಹೇಳಿರಲಿಲ್ಲ. ಶೀಟು ಹಾಕಿ ಮುಗಿದರೂ ಅವರು ಕೈ ತೆಗೆಯಲಿಲ್ಲ.

ಬೈಗುಳವನ್ನೆಲ್ಲ ನಗುತ್ತಾ ನುಂಗಬೇಕು ಅಂತ ನಾನು ಹೇಳುತ್ತಿಲ್ಲ. ನರ್ಸುಗಳ ಮೇಲೆ ಕೈ ಎತ್ತುವುದು ಅಪರಾಧ. ಅದಕ್ಕೆ ಮನಶ್ಶಾಸ್ತ್ರದ ವಿವರಣೆ ಕೊಟ್ಟು ಸುಮ್ಮನಿರುವ ಅಗತ್ಯ ಇಲ್ಲ. ನಾನು ಹೇಳುತ್ತಿರುವುದು ಆ ಬೆಡ್‌ಶೀಟಿನಂಥ ಕೋಪದ ಬಗ್ಗೆ.

ಎಲ್ಲ ತಂತ್ರಗಳೂ ಒಂದೇ ತೂಕದವಲ್ಲ. ಅಮೆರಿಕದ ಮನೋವೈದ್ಯ ಜಾರ್ಜ್ ವೈಲಂಟ್, ಹಾರ್ವರ್ಡ್‌ನಲ್ಲಿ 1938ರಲ್ಲಿ ಶುರುವಾಗಿ ದಶಕಗಟ್ಟಲೆ ನಡೆದ ಅಧ್ಯಯನದ ಜನರನ್ನು ನೋಡುತ್ತಾ ಇವುಗಳನ್ನು ಎಳಸಿನಿಂದ ಮಾಗಿದ್ದರವರೆಗೆ ಸಾಲಾಗಿ ಇಟ್ಟ. ನಗು, ಇನ್ನೊಬ್ಬರಿಗೆ ನೆರವಾಗುವುದು, ಸಂಕಟವನ್ನು ಬೇರೆ ಕೆಲಸಕ್ಕೆ ತಿರುಗಿಸುವುದು, ಇವೆಲ್ಲ ಮಾಗಿದ ಕಡೆ ಬರುತ್ತವೆ. ಈ ವಿಂಗಡಣೆ ಒಳ್ಳೆಯದೇ. ಆದರೆ ರಾತ್ರಿ ಎರಡು ಗಂಟೆಗೆ ಐಸಿಯು ಮಂಚದ ಮೇಲಿರುವವರಿಗೆ ಇಷ್ಟು ಮಾಗಿರಿ ಅಂತ ಹೇಳಲು ಆಗುವುದಿಲ್ಲ. ಕಾಯಿಲೆ ಎಲ್ಲರನ್ನೂ ಒಂದೆರಡು ಮೆಟ್ಟಿಲು ಕೆಳಗಿಳಿಸುತ್ತದೆ. ಹೆಡ್‌ಮಾಸ್ಟರ್ ಆಗಿದ್ದವರು ಇಡ್ಲಿ ತಿನ್ನಿಸಿ ಅಂತ ಹೆಂಡತಿಯ ಕಡೆ ಬಾಯಿ ತೆರೆಯುತ್ತಾರೆ. ಎರಡು ದಿನ ತಿನ್ನಿಸಲಿ ಬಿಡಿ.

ನಿರಾಕರಣೆಯ ಬಗ್ಗೆ ಮಾತ್ರ ಇನ್ನೂ ಸ್ವಲ್ಪ ಹೇಳಬೇಕು. ಹೃದಯದ ವಾರ್ಡಿನಲ್ಲಿ ಅದು ದಿನವೂ ಸಿಗುತ್ತದೆ. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಥಾಮಸ್ ಹ್ಯಾಕೆಟ್, ನೆಡ್ ಕ್ಯಾಸೆಮ್ ಎಂಬ ವೈದ್ಯರು ಇದರ ಮೇಲೆ ಕೆಲಸ ಮಾಡಿದರು. ಹೃದಯಾಘಾತದ ರೋಗಿಗಳನ್ನು ಇಡುವ ವಿಶೇಷ ಘಟಕಗಳು ಆಗಿನ್ನೂ ಹೊಸದು. ಆ ಯಂತ್ರಗಳ ನಡುವೆ ಮಲಗಿದವರ ಮನಸ್ಸಿಗೆ ಏನಾಗುತ್ತದೆ ಅಂತ ಅವರು 1968ರಲ್ಲಿ ಬರೆದರು. ಬಹಳ ರೋಗಿಗಳಲ್ಲಿ ನಿರಾಕರಣೆ ಕಂಡಿತು. ಅದು ಅವರನ್ನು ಆ ಹೊತ್ತಿಗೆ ಕಾಪಾಡುತ್ತಿರುವ ಹಾಗೂ ಕಂಡಿತು. 1987ರಲ್ಲಿ ಬಂದ ಇನ್ನೊಂದು ಅಧ್ಯಯನ ಇದರ ಎರಡೂ ಮುಖ ತೋರಿಸಿತು. ಜಾಸ್ತಿ ನಿರಾಕರಿಸಿದವರು ಐಸಿಯುನಲ್ಲಿ ಕಡಿಮೆ ದಿನ ಇದ್ದರು. ಆದರೆ ಮನೆಗೆ ಹೋದ ಮೇಲಿನ ಒಂದು ವರ್ಷದಲ್ಲಿ ವೈದ್ಯರ ಮಾತು ಅಷ್ಟಾಗಿ ಪಾಲಿಸಲಿಲ್ಲ. ಮತ್ತೆ ಆಸ್ಪತ್ರೆಯಲ್ಲಿ ಕಳೆದ ದಿನಗಳೂ ಅವರಿಗೇ ಜಾಸ್ತಿ.

ಅಂದರೆ ಮೊದಲ ಎರಡು ದಿನ ಜೀವ ಹಿಡಿದ ಅದೇ ಕೊಂಬೆ, ಎರಡು ತಿಂಗಳಾದ ಮೇಲೆ ಮುರಿದು ಬೀಳಬಹುದು. ನರ್ಸ್ ಆದವಳು ಕಾಯಬೇಕು, ಆದರೆ ಮರೆಯಬಾರದು.

ನಮ್ಮ ಇನ್‌ಚಾರ್ಜ್ ಮರೆತಿರಲಿಲ್ಲ. ಮೂರನೇ ದಿನ ಬೆಳಿಗ್ಗೆ, ಸ್ಪಂಜ್ ಬಾತ್ ಆಗಿ, ಕಾಫಿ ಕುಡಿದು, ಯಜಮಾನರು ಕಿಟಕಿಯ ಕಡೆ ನೋಡುತ್ತಾ ಕೂತಿದ್ದಾಗ ಮತ್ತೆ ಅದೇ ಸ್ಟೂಲು ಎಳೆದುಕೊಂಡರು. "ಈಗ ಆರಾಮ ಕಾಣ್ತಿದ್ದೀರಿ. ಅವತ್ತು ರಾತ್ರಿ ಏನಾಯ್ತು ಅಂತ ನಿಮಗೆ ಅನ್ನಿಸುತ್ತೆ?" ಅಂತ ಕೇಳಿದರು. ಅವರು ತುಂಬಾ ಹೊತ್ತು ಮಾತಾಡಲಿಲ್ಲ. ಸಿಸ್ಟರ್ ಕೂಡ ಮಾತಾಡಲಿಲ್ಲ. ನಾನು ಪಕ್ಕದ ಮಂಚದಲ್ಲಿ ಡ್ರಿಪ್ ಬದಲಾಯಿಸುತ್ತಿದ್ದೆ. ಕೊನೆಗೆ ಯಜಮಾನರು ಹೇಳಿದರು.

"ನಮ್ಮಪ್ಪನೂ ಹಿಂಗೇ ಹೋಗಿದ್ದು. ಅವರೂ ಗ್ಯಾಸ್ ಅಂತಲೇ ಹೇಳಿದ್ದರು."

ಅವರಾಗಿಯೇ ಬಾಗಿಲು ತೆರೆದ ಮೇಲೆ ಉಳಿದದ್ದೆಲ್ಲ ಸುಲಭವಾಯಿತು. ಯಾವ ಮಾತ್ರೆ ಯಾವುದಕ್ಕೆ, ಯಾವುದನ್ನು ತಾವಾಗಿ ನಿಲ್ಲಿಸಬಾರದು, ಮತ್ತೆ ಎದೆ ಹಿಡಿದರೆ ಸೋಡಾ ಹುಡುಕದೆ ಮೊದಲು ಏನು ಮಾಡಬೇಕು, ಎಲ್ಲ ಕೇಳಿದರು. ಮಗನಿಗೂ ಹೇಳಿಸಿದರು. ನಾನು ಅವತ್ತು ರಾತ್ರಿ ಹೇಳಿದ್ದೂ ಇದೇ ಸತ್ಯ. ಆದರೆ ಆಗ ಅದು ಅವರ ಕೈ ಸೇರಲಿಲ್ಲ.

ಯಾಕೆ ಸೇರಲಿಲ್ಲ ಅಂತ ನನಗೆ ಸರಿಯಾಗಿ ಅರ್ಥವಾದದ್ದು ಹಿಲ್ಡೆಗಾರ್ಡ್ ಪೆಪ್ಲೊ ಅವರನ್ನು ಮತ್ತೆ ಓದಿದಾಗ. ಅಮೆರಿಕದ ನರ್ಸ್ ಆಕೆ. 1952ರಲ್ಲಿ ಬಂದ ಅವರ ಪುಸ್ತಕ, ನರ್ಸ್ ಮತ್ತು ರೋಗಿಯ ಸಂಬಂಧವೇ ಒಂದು ಚಿಕಿತ್ಸೆ ಅಂತ ಹೇಳಿತು. ಆತಂಕಕ್ಕೆ ನಾಲ್ಕು ಮಟ್ಟ ಅಂತ ಗುರುತಿಸಿದ್ದೂ ಅವರೇ. ಸಣ್ಣ ಆತಂಕ ಒಳ್ಳೆಯದು, ಪರೀಕ್ಷೆಯ ಹಿಂದಿನ ದಿನದ ಹಾಗೆ ಕಿವಿ ಕಣ್ಣು ಚುರುಕಾಗುತ್ತವೆ. ಮಧ್ಯಮಕ್ಕೆ ಬಂದರೆ ಎದುರಿಗಿರುವ ಒಂದು ವಿಷಯ ಮಾತ್ರ ಕಾಣುತ್ತದೆ. ತೀವ್ರವಾದರೆ ಅದೂ ಚೂರುಚೂರು. ಪ್ಯಾನಿಕ್ ಅಂದರೆ ಒಳಗೆ ಏನೂ ಹೋಗುವುದಿಲ್ಲ. ಕಾಲ ಕೆಳಗಿನ ನೆಲವೇ ಇಲ್ಲ ಅನ್ನಿಸುತ್ತದೆ.

ಇದು ಗೊತ್ತಾದ ಮೇಲೆ ಆಸ್ಪತ್ರೆಯ ಎಷ್ಟೋ ಪದ್ಧತಿಗಳ ಬಗ್ಗೆ ನನಗೆ ಸಂಕಟವಾಗುತ್ತದೆ. ಆಪರೇಷನ್ನಿನ ಹಿಂದಿನ ರಾತ್ರಿ ಆರು ಪುಟದ ಒಪ್ಪಿಗೆ ಪತ್ರ ತಂದು ಓದಿ ಸಹಿ ಹಾಕಿ ಅನ್ನುತ್ತೇವೆ. ಡಿಸ್ಚಾರ್ಜ್ ದಿನ, ಬಿಲ್ಲಿನ ಚಿಂತೆಯಲ್ಲಿರುವವರಿಗೆ ಐದು ನಿಮಿಷದಲ್ಲಿ ಒಂಬತ್ತು ಮಾತ್ರೆ ಪಾಠ ಮಾಡುತ್ತೇವೆ. ತಲೆ ಆಡಿಸುತ್ತಾರೆ, ಅರ್ಥವಾಯಿತು ಅಂತ ಬರೆದುಕೊಳ್ಳುತ್ತೇವೆ. ರೋಗಿಯ ಆರೈಕೆ ಬರೆದಿಡುವ ಕೇರ್ ಪ್ಲಾನಿನಲ್ಲಿ ಆತಂಕದ ಮುಂದೆ ಒಂದು ಸಿದ್ಧ ಸಾಲು ಇರುತ್ತದೆ: ರೀಅಶೂರೆನ್ಸ್ (ಧೈರ್ಯ) ಕೊಡಲಾಯಿತು. ಏನು ಕೊಟ್ಟೆವು? ಬಹಳ ಸಲ "ಏನೂ ಆಗಲ್ಲ, ಹೆದರಬೇಡಿ" ಅನ್ನುವ ಎರಡು ಮಾತು. ಏನೂ ಆಗಲ್ಲ ಅಂತ ನಮಗಾದರೂ ಹೇಗೆ ಗೊತ್ತು? ಹೆದರಬೇಡಿ ಅಂದರೆ ಹೆದರಿದವರಿಗೆ ಇನ್ನೂ ಒಂಟಿ ಅನ್ನಿಸುತ್ತದೆ. ನನ್ನ ಭಯ ಇವಳಿಗೂ ಬೇಡ ಅನ್ನಿಸುತ್ತದೆ.

ಹಾಗಾದರೆ ಮಾಡಬೇಕಾದದ್ದೇನು? ಒಂದು ರಾತ್ರಿಯ ಕತೆ ಹೇಳುತ್ತೇನೆ. ಆಗ ನಾನು ಕ್ಯಾಶುವಾಲ್ಟಿಯಲ್ಲಿದ್ದೆ. ಪಿಯುಸಿ ಓದುವ ಹುಡುಗಿಯೊಬ್ಬಳನ್ನು ಹಾಸ್ಟೆಲ್ಲಿನವರು ಆಟೋದಲ್ಲಿ ಕರೆತಂದರು. ಉಸಿರನ್ನು ಎಳೆದೆಳೆದು ಬಿಡುತ್ತಿದ್ದಳು. ತುಟಿ ಜೋಮು ಹಿಡಿದಿದೆ, ಎದೆ ಒಡೆಯುತ್ತದೆ, ಸಾಯ್ತೀನಿ ಅನ್ನುತ್ತಿದ್ದಳು. ಕೈ ಬೆರಳುಗಳು ಒಟ್ಟಿಗೆ ಸೇರಿ, ಮಣಿಕಟ್ಟಿನಲ್ಲಿ ಬಾಗಿ, ಹಕ್ಕಿಯ ಕೊಕ್ಕಿನ ಹಾಗೆ ಸೆಟೆದುಕೊಂಡಿದ್ದವು. ಹಿಂದೆ ನಿಂತಿದ್ದ ಯಾರೋ "ಫಂಕ್ಷನಲ್" ಅಂದರು. ಆಸ್ಪತ್ರೆಯ ಭಾಷೆಯಲ್ಲಿ ಆ ಶಬ್ದಕ್ಕೆ ನಾಟಕ ಅಂತ ಅರ್ಥ. ಹುಡುಗಿಗೆ ಅರ್ಥ ಗೊತ್ತಿರಲಿಲ್ಲ, ದನಿ ಗೊತ್ತಾಯಿತು.

ಬೆರಳು ಸೆಟೆಯುವುದು ನಾಟಕವಲ್ಲ. ಉಸಿರು ಜಾಸ್ತಿ ಬಿಟ್ಟಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ. ಆಗ ರಕ್ತ ಕ್ಷಾರದ ಕಡೆ ವಾಲಿ, ನರ ಸ್ನಾಯುಗಳ ಕೆಲಸಕ್ಕೆ ಸಿಗುವ ಕ್ಯಾಲ್ಸಿಯಂ ಇಳಿಯುತ್ತದೆ. ಅದರಿಂದ ಜೋಮು, ಅದರಿಂದ ಸೆಟೆತ. ಅದನ್ನು ನೋಡಿ ಭಯ ಇನ್ನೂ ಏರುತ್ತದೆ, ಉಸಿರು ಇನ್ನೂ ಜೋರಾಗುತ್ತದೆ. ಇನ್ನೊಂದು ಮಾತು. ಆತಂಕ ಅಂತ ಷರಾ ಬರೆಯುವ ಮುಂಚೆ ಆಕ್ಸಿಜನ್, ಇಸಿಜಿ, ಶುಗರ್ ನೋಡಲೇಬೇಕು. ಶುಗರ್ ಇಳಿದವರೂ ಹೀಗೇ ಬೆವರುತ್ತಾರೆ, ನಡುಗುತ್ತಾರೆ. ಶ್ವಾಸಕೋಶದಲ್ಲಿ ಹೆಪ್ಪು ಸಿಕ್ಕಿಕೊಂಡವರೂ ಸಾಯ್ತೀನಿ ಅಂತಲೇ ಹೇಳುತ್ತಾರೆ. ಅದಕ್ಕೇ ಕಾಗದದ ಚೀಲದೊಳಗೆ ಉಸಿರಾಡಿಸುವ ಹಳೆಯ ಉಪಾಯ ಈಗ ಬೇಡ ಅನ್ನುತ್ತಾರೆ. ಕಾರಣ ಬೇರೆ ಇದ್ದರೆ ಇರುವ ಆಕ್ಸಿಜನ್ನೂ ಹೋಗುತ್ತದೆ.

ಎಲ್ಲ ನೋಡಿಯಾಯಿತು, ಸರಿ ಇತ್ತು. ಪರದೆ ಎಳೆದೆ. ಸುತ್ತ ಇದ್ದವರನ್ನು ಹೊರಗೆ ಕಳಿಸಿದೆ. ಮುಖದ ಮೇಲೆ ಬೀಳುತ್ತಿದ್ದ ಲೈಟು ಆರಿಸಿದೆ. ಅವಳ ಕಣ್ಣಿನ ಮಟ್ಟಕ್ಕೆ ಕೂತೆ. ಪ್ಯಾನಿಕ್ ಆದವರಿಗೆ ಉದ್ದ ಮಾತು ಕೇಳಿಸುವುದಿಲ್ಲ, ಹಾಗಾಗಿ ನಾಲ್ಕು ಶಬ್ದಕ್ಕಿಂತ ಜಾಸ್ತಿ ಹೇಳಲಿಲ್ಲ. "ನಾನು ಇಲ್ಲೇ ಇದ್ದೀನಿ, ಪುಟ್ಟಿ." "ಬಿಟ್ಟು ಹೋಗಲ್ಲ." "ನನ್ನ ಜೊತೆ ಉಸಿರು ಬಿಡು." ಎಳೆದುಕೋ ಅನ್ನಲಿಲ್ಲ, ಬಿಡು ಅಂದೆ. ಬಿಸಿ ಹಾಲು ಆರಿಸುವ ಹಾಗೆ, ತುಟಿ ಸಣ್ಣ ಮಾಡಿ, ನಿಧಾನಕ್ಕೆ. ನಾನೂ ಬಿಟ್ಟೆ. ಆತಂಕ ಒಬ್ಬರಿಂದ ಒಬ್ಬರಿಗೆ ಹರಿಯುತ್ತದೆ. ಸಮಾಧಾನವೂ ಹಾಗೇ ಹರಿಯುತ್ತದೆ. ಆದ್ದರಿಂದ ಮೊದಲು ನನ್ನ ಉಸಿರು ಸರಿ ಇರಬೇಕಿತ್ತು. ಸುಮಾರು ಹದಿನೈದು ನಿಮಿಷಕ್ಕೆ ಅವಳ ಹೆಬ್ಬೆರಳು ಮೊದಲು ಸಡಿಲವಾಯಿತು. ಆಮೇಲೆ ಉಳಿದವು, ಒಂದೊಂದಾಗಿ.

ನೀರು ಕುಡಿದ ಮೇಲೆ ಪೆಪ್ಲೊ ಹೇಳಿಕೊಟ್ಟ ದಾರಿಯಲ್ಲಿ ಕೇಳಿದೆ. ಮೊದಲು ಅದಕ್ಕೊಂದು ಹೆಸರು: ಈಗ ಆದದ್ದಕ್ಕೆ ನೀನು ಏನಂತೀಯಾ? "ಗಾಬರಿ" ಅಂದಳು. ಗಾಬರಿ ಆದಾಗ ಏನು ಮಾಡ್ತೀಯಾ? "ಕೋಣೆ ಗುಡಿಸ್ತೀನಿ. ಗುಡಿಸಿದ್ದೇ ಗುಡಿಸ್ತೀನಿ." ಇವತ್ತು ಗುಡಿಸೋಕೆ ಮುಂಚೆ ಏನಾಗಿತ್ತು? ಏನೂ ಇಲ್ಲ ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಮನೆಯಿಂದ ಫೋನ್ ಬಂದಿತ್ತು. ನನ್ನ ಫೀಸಿಗೆ ಅಂತ ಎಮ್ಮೆ ಮಾರಿದರಂತೆ" ಅಂದಳು. ಹೇಳಿದ ಮೇಲೆ ತಾನೇ ಬೆಚ್ಚಿದವಳ ಹಾಗೆ ನನ್ನ ಮುಖ ನೋಡಿದಳು. ಆ ಫೋನಿಗೂ ಈ ಬೆರಳಿಗೂ ಸಂಬಂಧ ಇರಬಹುದು ಅಂತ ಅವಳಿಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ನಾನು ವಿವರಿಸಲು ಹೋಗಲಿಲ್ಲ. ಎಮ್ಮೆಯ ಹೆಸರೇನು ಅಂತ ಕೇಳಿದೆ. ಆಗ ಅತ್ತಳು.

ಮುಂದಿನ ವಾರ ಆಪ್ತಸಮಾಲೋಚಕರ ಹತ್ತಿರ ಹೋಗಲು ವ್ಯವಸ್ಥೆ ಮಾಡಿದೆವು. ಈಗಾಗಿದ್ದರೆ ಟೆಲಿ ಮಾನಸ್ ನಂಬರನ್ನೂ ಬರೆದುಕೊಡುತ್ತಿದ್ದೆ. 14416. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ ಅದು. ಬೆಂಗಳೂರಿನ ನಿಮ್ಹಾನ್ಸ್ ಅದರ ಬೆನ್ನಿಗಿದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಇಷ್ಟು ಹೊತ್ತು ರೋಗಿಗಳ ಮನಸ್ಸಿನ ಬಾಗಿಲುಗಳ ಬಗ್ಗೆ ಬರೆದೆ. ನಮ್ಮದೂ ಇದೆ ಅಲ್ವಾ?

ಇಸಬೆಲ್ ಮೆಂಜೀಸ್ ಎಂಬ ಮನೋವಿಶ್ಲೇಷಕಿ ಲಂಡನ್ನಿನ ಒಂದು ದೊಡ್ಡ ಆಸ್ಪತ್ರೆಯ ನರ್ಸಿಂಗ್ ವ್ಯವಸ್ಥೆಯನ್ನು ಹತ್ತಿರದಿಂದ ನೋಡಿ 1960ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಕಲಿಯಲು ಬಂದ ನರ್ಸುಗಳಲ್ಲಿ ಮೂರರಲ್ಲಿ ಒಂದು ಭಾಗದಷ್ಟು ಜನ ನಡುವೆಯೇ ಬಿಟ್ಟು ಹೋಗುತ್ತಿದ್ದರು. ಯಾಕೆ? ಮೆಂಜೀಸ್ ಕಂಡದ್ದು ಇದು. ನೋವು, ಸಾವು, ಮೈಯ ಹೊಲಸು, ಮನೆಯವರ ಕಣ್ಣೀರು, ಇವುಗಳ ನಡುವೆ ದಿನವೂ ನಿಂತವರಿಗೆ ಹುಟ್ಟುವ ಆತಂಕವನ್ನು ಆಸ್ಪತ್ರೆ ಮಾತಾಡಿ ಇಳಿಸುತ್ತಿರಲಿಲ್ಲ. ಬದಲಿಗೆ ಕೆಲಸವನ್ನೇ ಚೂರುಚೂರು ಮಾಡಿ ಹಂಚುತ್ತಿತ್ತು, ಒಬ್ಬ ನರ್ಸ್ ಒಬ್ಬ ರೋಗಿಯ ಹತ್ತಿರ ಜಾಸ್ತಿ ಹೊತ್ತು ಇರದ ಹಾಗೆ. ರೋಗಿಗಳಿಗೆ ಹೆಸರು ಇರುತ್ತಿರಲಿಲ್ಲ. ಹತ್ತನೇ ಮಂಚದ ಲಿವರ್, ಹದಿನೈದನೇ ಮಂಚದ ನ್ಯುಮೋನಿಯಾ. ಇದೂ ಒಂದು ರಕ್ಷಣೆಯೇ, ಇಡೀ ಸಂಸ್ಥೆ ಸೇರಿ ಕಟ್ಟಿಕೊಂಡದ್ದು. ಆದರೆ ಇದರಿಂದ ಆತಂಕ ಇಳಿಯಲಿಲ್ಲ, ಒಳಗೊಳಗೇ ಬೆಳೆಯಿತು.

ಓದಿದಾಗ ನನಗೆ ಕೈ ತಣ್ಣಗಾಯಿತು. ಹಿಂದಿನ ದಿನ, ಡ್ಯೂಟಿ ಮುಗಿಸಿ ಮುಂದಿನವರಿಗೆ ವಾರ್ಡು ಒಪ್ಪಿಸುವ ಹ್ಯಾಂಡೋವರ್‌ನಲ್ಲಿ ನಾನೇ ಹೇಳಿದ್ದೆ, "ಆರು ಎಕ್ಸ್‌ಪೈರ್ಡ್, ಬೆಡ್ ರೆಡಿ ಇದೆ." ಆರು ಅಂದರೆ ಆರನೇ ಮಂಚದಲ್ಲಿ ತೀರಿಕೊಂಡ ಒಬ್ಬರು ಅಜ್ಜಿ. ಹದಿನೊಂದು ದಿನ ನಮ್ಮ ವಾರ್ಡಿನಲ್ಲಿದ್ದವರು. ಪ್ರತಿ ಸಲ ಇಂಜೆಕ್ಷನ್ ಕೊಡುವಾಗ "ನಿನ್ನ ಕೈ ಹಗುರ ಮಗಾ" ಅನ್ನುತ್ತಿದ್ದವರು. ಒಬ್ಬಳ ಕೈಗೆ ಮೂವತ್ತು ರೋಗಿಗಳನ್ನು ಕೊಟ್ಟರೆ ಹೆಸರು ಎಲ್ಲಿ ನೆನಪಿರುತ್ತದೆ ಅಂತ ನೀವು ಕೇಳಬಹುದು. ನಿಜ. ಅದಕ್ಕೇ ನಾನು ಒಬ್ಬೊಬ್ಬ ನರ್ಸಿನ ಮನಸ್ಸು ಗಟ್ಟಿ ಮಾಡುವ ತರಬೇತಿಗಿಂತ ಜಾಸ್ತಿ ಕೈಗಳನ್ನು ಕೇಳುತ್ತೇನೆ. ಸಾವು ಆದ ದಿನ ಹತ್ತು ನಿಮಿಷ ಒಟ್ಟಿಗೆ ಕೂತು ಮಾತಾಡುವ ಜಾಗ ಕೇಳುತ್ತೇನೆ. ಅವತ್ತಿನಿಂದ ಹ್ಯಾಂಡೋವರ್‌ನಲ್ಲಿ ನಂಬರಿನ ಜೊತೆ ಹೆಸರನ್ನೂ ಹೇಳುತ್ತೇನೆ. ಎರಡು ಸೆಕೆಂಡು ಜಾಸ್ತಿ ಆಗುತ್ತದೆ.

ಇಷ್ಟೆಲ್ಲ ಕಲಿತ ಮೇಲೂ, ನಾಲ್ಕು ವರ್ಷದ ಹಿಂದೆ ಅಮ್ಮನಿಗೆ ಎದೆಯ ಗಂಟು ಸಿಕ್ಕಿ, ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಬಂದಾಗ ನಾನು ಏನು ಮಾಡಿದೆ? ಫೈಲು ಮಾಡಿದೆ. ನೀಲಿ ಬಣ್ಣದ್ದು. ಯಾವ ಸ್ಟೇಜು, ಯಾವ ಔಷಧಿ, ಅದು ಎಷ್ಟು ಸುತ್ತು, ಯಾವುದರ ಅಡ್ಡ ಪರಿಣಾಮ ಏನು, ಎಲ್ಲ ಚೀಟಿ ಅಂಟಿಸಿ ವಿಂಗಡಿಸಿದೆ. ತಮ್ಮನಿಗೆ, ಚಿಕ್ಕಮ್ಮನಿಗೆ ಫೋನಿನಲ್ಲಿ ತಪ್ಪಿಲ್ಲದೆ ವಿವರಿಸಿದೆ. ಎಲ್ಲರೂ ಎಷ್ಟು ಧೈರ್ಯ ನಿನಗೆ ಅಂದರು. ಅದು ಧೈರ್ಯ ಆಗಿರಲಿಲ್ಲ. ಅಳಬೇಕಾದ ಜಾಗದಲ್ಲಿ ಅಂಕಿ ತುಂಬಿದ್ದೆ. ಆ ಫೈಲು ನನ್ನ ಕೊಂಬೆ.

ಅಮ್ಮನ ಕೊಂಬೆ ಬಾಳಕದ ಮೆಣಸು. ಆಪರೇಷನ್ನಿಗೆ ಎರಡು ದಿನ ಇತ್ತು. ಅಮ್ಮ ಸಂತೆಯಿಂದ ಎರಡು ಕೆಜಿ ಹಸಿಮೆಣಸು ತರಿಸಿದ್ದರು. ಒಂದೊಂದನ್ನೂ ತೊಟ್ಟು ಬಿಡದ ಹಾಗೆ ನಡುವೆ ಸೀಳಿ, ಉಪ್ಪು ಹಾಕಿದ ಮಜ್ಜಿಗೆಯಲ್ಲಿ ನೆನೆಸಬೇಕು. ಹಗಲು ಬಿಸಿಲು, ಸಂಜೆ ಮತ್ತೆ ಅದೇ ಮಜ್ಜಿಗೆ. ಮಜ್ಜಿಗೆ ಪೂರ್ತಿ ಹೀರಿ ಗರಿಗರಿಯಾಗುವ ತನಕ. "ಇದೆಲ್ಲ ಈಗ ಯಾಕಮ್ಮ? ರೆಸ್ಟ್ ತಗೋ ಅಂತ ಡಾಕ್ಟರ್ ಹೇಳಿಲ್ವಾ?" ಅಂತ ನಾನು ಫೈಲು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಅಮ್ಮ ತಲೆ ಎತ್ತಲಿಲ್ಲ. "ನಾನು ಆಸ್ಪತ್ರೆಲಿರೋವಾಗ ಸಂಜೆ ಇದನ್ನ ಮಜ್ಜಿಗೆಗೆ ಯಾರು ಹಾಕ್ತಾರೆ?" ಅಂದರು.

ಬೆಳಿಗ್ಗೆಯಿಂದ ಮೂರನೇ ಸಲ ಅದೇ ಮಾತು. ಎರಡು ಸಲ ನಾನು ಉತ್ತರ ಕೊಟ್ಟಾಗಿತ್ತು. ಪಕ್ಕದ ಮನೆಯವರಿಗೆ ಹೇಳೋಣ ಅಂದಿದ್ದೆ, ಈ ವರ್ಷ ಬೇಡ ಬಿಡು ಅಂದಿದ್ದೆ. ಮೂರನೇ ಸಲ ಯಾಕೋ ಆ ಸ್ಟೂಲು ನೆನಪಾಯಿತು. ಫೈಲನ್ನು ಅಕ್ಕಿ ಡಬ್ಬದ ಮೇಲೆ ಇಟ್ಟೆ. ಮಣೆ ಎಳೆದುಕೊಂಡು ಅಮ್ಮನ ಮೊಣಕಾಲಿಗೆ ತಾಗುವ ಹಾಗೆ ಕೂತೆ. ಇನ್ನೊಂದು ಚಾಕು ತೆಗೆದುಕೊಂಡೆ.

"ಪೂರ್ತಿ ಸೀಳಬೇಡ, ಬೀಜ ಉದುರುತ್ತೆ" ಅಂದರು ಅಮ್ಮ.

ಅರ್ಧ ಗಂಟೆ ನಾವು ಮಾತಾಡಲಿಲ್ಲ. ಬೆರಳು ಉರಿಯತೊಡಗಿತು. ಪಾತ್ರೆ ಮುಕ್ಕಾಲು ತುಂಬಿತು. ಆಮೇಲೆ ಅಮ್ಮ, ಕೈಯಲ್ಲಿದ್ದ ಮೆಣಸನ್ನೇ ನೋಡುತ್ತಾ, ಯಾರಿಗೋ ಹೇಳುವ ಹಾಗೆ ಹೇಳಿದರು. "ಇದು ಒಣಗೋ ಹೊತ್ತಿಗೆ ನಾನು ಮನೇಲಿರ್ತೀನಾ?"

ನನಗೆ ಫೈಲಿನ ಎಲ್ಲ ಅಂಕಿಗಳೂ ಬಾಯಿಗೆ ಬಂದವು. ಯಾವುದನ್ನೂ ಹೇಳಲಿಲ್ಲ.

"ಹೆದರಿಕೆ ಆಗ್ತಿದೆಯಾ ಅಮ್ಮ?"

"ಹೂಂ."

"ನಂಗೂ."

ಅಮ್ಮ ತಲೆ ಆಡಿಸಿದರು. ಚಾಕು ಕೆಳಗಿಟ್ಟು ಸೆರಗಿನಿಂದ ಕಣ್ಣು ಒರೆಸಲು ಹೋದವರು, ಮೆಣಸಿನ ಕೈ ಅಂತ ನೆನಪಾಗಿ ನನ್ನ ಕಡೆ ಮುಖ ಚಾಚಿದರು. ನನ್ನ ಕೈಯೂ ಮೆಣಸಿನದೇ. ಮೊಣಕೈ ಮಡಚಿ, ಚೂಡಿದಾರದ ತೋಳಿನಿಂದ ಒರೆಸಿದೆ. ಆಮೇಲೆ ಉಳಿದ ಮೆಣಸನ್ನು ಇಬ್ಬರೂ ಸೀಳಿ ಮುಗಿಸಿದೆವು.